ಮೇಲಿನ ಮಹಡಿಯಲ್ಲಿ ದೊಡ್ಡ ಅಕ್ವೇರಿಯಂ: ಮೋಲ್ಡ್ ತಡ್ಕೊಳ್ಳುತ್ತಾ ಅಂತ ನೋಡೋದು ಹೆಂಗೆ

ಶಿವಮೊಗ್ಗದ ವಿನೋಬನಗರ, ಗೋಪಾಳ, ನವುಲೆ ಕಡೆ ಎಲ್ಲ ಈಗ ಅಪಾರ್ಟ್‌ಮೆಂಟು, ಇಲ್ಲಾಂದ್ರೆ ಮೂರು ಮಹಡಿ ಬಾಡಿಗೆ ಮನೆ. ಅಂಗಳದಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿ ಮೀನು ಬಿಡೋಣ ಅಂದ್ರೆ ಅಂಗಳನೇ ಇಲ್ಲ, ಹಂಗಾಗಿ 4 ಅಡಿ, 6 ಅಡಿ ಟ್ಯಾಂಕು ಸೀದಾ ಎರಡನೇ ಮಹಡಿ ಹಾಲಿಗೆ ಬರ್ತಿದೆ. ತರೋಕೆ ಮುಂಚೆ ಎಲ್ಲರೂ ಕೇಳೋದು ಒಂದೇ, "ಎಷ್ಟು ಲೀಟರ್ ತನಕ ಇಡ್ಬೋದು ಮಾರಾಯ್ರೇ?" ಹಿಂಗೆ ಕೇಳಿದ್ರೆ ಯಾರೂ ಸರಿಯಾದ ಉತ್ತರ ಕೊಡೋಕಾಗಲ್ಲ. ಅದೇ ಟ್ಯಾಂಕು, ಅದೇ ರೂಮು, ಗೋಡೆ ಪಕ್ಕ ಇಟ್ರೆ ಆರಾಮಾಗಿ ಕೂರುತ್ತೆ, ಐದಡಿ ಈಚೆ ಎಳೆದ್ರೆ ಮೋಲ್ಡಿಗೆ, ಅಂದ್ರೆ ಕೆಳಗಿರೋ ಕಾಂಕ್ರೀಟ್ ಸ್ಲ್ಯಾಬಿಗೆ, ಮೂರು ಪಟ್ಟು ಕಷ್ಟ. ಲೀಟರ್ ಆಮೇಲೆ, ಮೊದ್ಲು ಜಾಗ. ಆದ್ರೂ ತೂಕ ಗೊತ್ತಿಲ್ದೆ ಜಾಗದ ಮಾತಾಡೋಕಾಗಲ್ಲ, ಅಲ್ಲಿಂದನೇ ಶುರು ಮಾಡೋಣ.

ಹಂತ 1: ಒಟ್ಟು ತೂಕ ಹಾಕಿ

ಅಂಗಡಿಯವರು ನೀರಿನ ಲೀಟರ್ ಮಾತ್ರ ಹೇಳ್ತಾರೆ. ಉದ್ದ, ಅಗಲ, ಎತ್ತರ ಅಡಿಯಲ್ಲಿ ಗುಣಿಸಿ, ಬಂದಿದ್ದನ್ನ 28.3 ಇಂದ ಗುಣಿಸಿದ್ರೆ ಲೀಟರ್ ಬರುತ್ತೆ, ಒಂದು ಲೀಟರ್ ಅಂದ್ರೆ ಒಂದು ಕೆಜಿ. ಇದಕ್ಕೆ ಗಾಜು ಸೇರಿಸ್ಬೇಕು, 10 ಎಂಎಂ ಗಾಜು ಚದರ ಅಡಿಗೆ ಸುಮಾರು 2.3 ಕೆಜಿ, 12 ಎಂಎಂ ಆದ್ರೆ 2.8 ಕೆಜಿ. ಆಮೇಲೆ ಜಲ್ಲಿ, ಕಲ್ಲು, ಸ್ಟ್ಯಾಂಡು, ಕೆಳಗೆ ಸಂಪ್ (ಫಿಲ್ಟರಿಗೆ ಅಂತ ಸ್ಟ್ಯಾಂಡಿನೊಳಗೆ ಇಡೋ ಇನ್ನೊಂದು ಚಿಕ್ಕ ಟ್ಯಾಂಕು) ಇಡೋರಾದ್ರೆ ಅದರ ನೀರು.

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ತಗೊಳ್ಳಿ. ಕಂಠದ ತನಕ ತುಂಬಿದ್ರೆ 255 ಲೀಟರ್, ಆದ್ರೆ ಮೇಲೆ ಒಂದೂವರೆ ಇಂಚು ಬಿಡ್ತೀವಿ, ಜಲ್ಲಿ ಕಲ್ಲು ಒಂದಷ್ಟು ಜಾಗ ತಿನ್ನುತ್ತೆ, ಹಂಗಾಗಿ ನೀರು 210 ಕೆಜಿ ಹತ್ರ. 10 ಎಂಎಂ ಗಾಜು 52 ಕೆಜಿ, ಎರಡು ಇಂಚು ಜಲ್ಲಿ 40 ಚಿಲ್ಲರೆ, ಕಲ್ಲು 15, ಸ್ಟ್ಯಾಂಡು 40, ಫಿಲ್ಟರ್ ಲೈಟು ಎಲ್ಲ ಸೇರಿ 360, 370 ಕೆಜಿ ಆಗುತ್ತೆ. 6 ಅಡಿ, 2 ಅಡಿ, 2 ಅಡಿದು ಇದೇ ಲೆಕ್ಕದಲ್ಲಿ 900 ದಾಟುತ್ತೆ, ಸಂಪ್ ಸೇರಿದ್ರೆ ಒಂದು ಟನ್ ಅಂತನೇ ಇಟ್ಕೊಳ್ಳಿ. ಬರೀ ಗಾಜೇ 123 ಕೆಜಿ ಇರುತ್ತೆ, ಮೆಟ್ಟಿಲ ತಿರುವಲ್ಲಿ ಹೊತ್ತು ತರೋರನ್ನ ನೆನೆಸ್ಕೊಂಡು ಜನ ಸೇರಿಸಿ.

ಹಂತ 2: 200 ಕೆಜಿ ಅನ್ನೋ ನಂಬರಿಗೆ ಹೆದರಬೇಡಿ, ಅದನ್ನ ನಂಬ್ಕೊಂಡೂ ಕೂರಬೇಡಿ

ನಮ್ಮ ದೇಶದಲ್ಲಿ ಮನೆ ಡಿಸೈನ್ ಮಾಡೋವಾಗ ಐಎಸ್ 875 ಎರಡನೇ ಭಾಗ ಅನ್ನೋ ಕೋಡ್ ನೋಡ್ತಾರೆ, 1987ರದ್ದು. ವಾಸದ ರೂಮಿಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಲೈವ್ ಲೋಡ್ ಹಿಡೀಬೇಕು ಅಂತ ಅದರಲ್ಲಿದೆ, ಅಂದ್ರೆ ಸುಮಾರು 200 ಕೆಜಿ. ಜನ, ಸೋಫಾ, ಮಂಚ, ಬೀರು ಎಲ್ಲ ಇದರೊಳಗೇ ಬರಬೇಕು.

ಈಗ ಯಾರೋ ಈ ನಂಬರ್ ಹುಡುಕಿ, ತಮ್ಮ 4 ಅಡಿ ಟ್ಯಾಂಕಿನ ತಳಕ್ಕೆ ಲೆಕ್ಕ ಹಾಕ್ತಾರೆ. ತಳ 0.56 ಚದರ ಮೀಟರು, ತೂಕ 365, ಚದರ ಮೀಟರಿಗೆ 650 ಕೆಜಿ ಬಂತು! ಅಲ್ಲಿಗೆ ಗಾಬರಿ. ಆದ್ರೆ ಹಂಗೆ ನೋಡಿದ್ರೆ 20 ಸೆಂಟಿಮೀಟರ್ ಆಳದ ನೀರೇ ಚದರ ಮೀಟರಿಗೆ 200 ಕೆಜಿ ಆಗುತ್ತೆ, ಟೇಬಲ್ ಮೇಲಿನ ಒಂದಡಿ ಟ್ಯಾಂಕೂ ಇಡೋ ಹಂಗಿಲ್ಲ, ಸ್ನಾನಕ್ಕೆ ಡ್ರಮ್ ತುಂಬಿಸೋ ಹಂಗಿಲ್ಲ. ತಳದ ಒತ್ತಡ ನೀರಿನ ಎತ್ತರದ ಮೇಲೆ ಹೋಗುತ್ತೆ, ಲೀಟರ್ ಮೇಲಲ್ಲ. ಮೋಲ್ಡು ಟ್ಯಾಂಕಿನ ಕೆಳಗಿರೋ ಆ ಒಂದು ತುಂಡಿನಿಂದಷ್ಟೇ ಭಾರ ಹೊರಲ್ಲ, ಅಕ್ಕಪಕ್ಕದ ಕಂಬಿ ಕಾಂಕ್ರೀಟು ಎಲ್ಲ ಸೇರಿ ಭೀಮಿಗೆ ದಾಟಿಸುತ್ತೆ.

ಇದರ ಉಲ್ಟಾ ವಾದನೂ ಕೇಳಿರ್ತೀರ, 10 ಅಡಿ 12 ಅಡಿ ರೂಮಿಗೆ ಒಟ್ಟು 2,200 ಕೆಜಿ ಲೆಕ್ಕ ಇದೆ, ನಂದು ಒಂದೇ ಟನ್, ಎಲ್ಲಿ ಬೇಕಾದ್ರೂ ಇಡ್ತೀನಿ ಅಂತ. ಇದೂ ತಪ್ಪು, ಆ 2,200 ರೂಮ್ ಪೂರ್ತಿ ಹರಡಿಕೊಂಡಿದ್ರೆ ಮಾತ್ರ. ಇನ್ನು "ಮೇಲೆ ಟೆರೇಸಲ್ಲಿ ಸಾವಿರ ಲೀಟರ್ ಸಿಂಟೆಕ್ಸ್ ಕೂತಿಲ್ವಾ" ಅನ್ನೋರಿಗೆ, ಸರಿಯಾಗಿ ಕಟ್ಟಿದ ಕಡೆ ಆ ಸಿಂಟೆಕ್ಸ್ ಪಿಲ್ಲರ್ ಭೀಮ್ ಮೇಲೆ ಬರೋ ಹಂಗೆ ಮೊದಲೇ ಲೆಕ್ಕ ಹಾಕಿ ಕಟ್ಟೆ ಕಟ್ಟಿರ್ತಾರೆ, ನಿಮ್ಮ ಹಾಲಿನ ಮಧ್ಯಕ್ಕೆ ಆ ಲೆಕ್ಕ ಯಾರೂ ಹಾಕಿಲ್ಲ.

ಹಂತ 3: ಕೆಳಗಿನ ಮನೆಗೆ ಹೋಗಿ, ಅವರ ಸೀಲಿಂಗ್ ನೋಡಿ

ಇದನ್ನ ಮಾತ್ರ ಬಿಡಲೇಬೇಡಿ. ನಿಮ್ಮ ನೆಲದ ಭೀಮ್ ಕಾಣೋದು ನಿಮ್ಮ ಮನೆಯಲ್ಲಲ್ಲ, ಕೆಳಗಿನವರ ತಲೆ ಮೇಲೆ. ನಿಮ್ಮ ಸೀಲಿಂಗಲ್ಲಿ ಕಾಣೋದು ಮೂರನೇ ಮಹಡಿಯವರ ಭೀಮು. ಬಹಳಷ್ಟು ಕಡೆ ಎರಡೂ ಒಂದೇ ಥರ ಇರುತ್ತೆ, ಆದ್ರೆ ಬಹಳಷ್ಟು ಕಡೆ ಅಂದ್ರೆ ಎಲ್ಲ ಕಡೆ ಅಂತಲ್ಲ.

ಒಂದು ಪೇಪರ್, ಟೇಪು ಹಿಡ್ಕೊಂಡು ಹೋಗಿ. "ಆಂಟಿ, ಮೇಲೆ ಮೀನಿನ ಟ್ಯಾಂಕ್ ಇಡ್ತಿದೀವಿ, ನಿಮ್ಮ ಹಾಲಿನ ಸೀಲಿಂಗ್ ಒಂದ್ಸಲ ನೋಡ್ಬೇಕಿತ್ತು" ಅಂತ ನೇರ ಕೇಳಿ, ಕಾಫಿನೂ ಸಿಗುತ್ತೆ, ನಾಳೆ ನೀರು ಸೋರಿದ್ರೆ ಮಾತಾಡೋಕೆ ಮುಖನೂ ಇರುತ್ತೆ. ಸೀಲಿಂಗಿಂದ ಕೆಳಗೆ ಇಳಿಬಿದ್ದಿರೋ ಉದ್ದನೆ ದಿಂಡು ಎಲ್ಲೆಲ್ಲಿದೆ, ಗೋಡೆಯಿಂದ ಎಷ್ಟು ದೂರ, ಪಿಲ್ಲರ್ ಯಾವ ಮೂಲೆಯಲ್ಲಿ, ಎಲ್ಲ ಗುರುತು ಹಾಕ್ಕೊಳ್ಳಿ. ಕೆಲವೊಮ್ಮೆ ಭೀಮು ಗೋಡೆಯಷ್ಟೇ ದಪ್ಪ ಇದ್ದು ಅದರೊಳಗೇ ಮುಚ್ಚಿಹೋಗಿರುತ್ತೆ. ಫಾಲ್ಸ್ ಸೀಲಿಂಗ್ ಮಾಡಿಸಿದ್ರೆ ಏನೂ ಕಾಣಲ್ಲ, ಆಗ ಸ್ಟ್ರಕ್ಚರಲ್ ಡ್ರಾಯಿಂಗೇ ಗತಿ. ಬಿಲ್ಡರ್ ಹತ್ರನೋ ಅಸೋಸಿಯೇಷನ್ ಹತ್ರನೋ ಕೇಳಿ, ಕೇಳೋವಾಗ ಬರೀ "ಪ್ಲಾನ್" ಅಂದ್ರೆ ರೂಮ್ ಬಾಗಿಲು ತೋರಿಸೋ ನಕ್ಷೆ ಕೊಟ್ಟು ಕಳಿಸ್ತಾರೆ, ನಿಮಗೆ ಬೇಕಾಗಿರೋದು ಮೋಲ್ಡಿನ ದಪ್ಪ, ಕಂಬಿಯ ವಿವರ ಇರೋ ಹಾಳೆ.

ಗೋಡೆ ಅಂದ ಮಾತ್ರಕ್ಕೆ ಕೆಳಗೆ ಆಧಾರ ಇದೆ ಅಂದ್ಕೊಳ್ಳಬೇಡಿ. ಅಪಾರ್ಟ್‌ಮೆಂಟಲ್ಲಿ ಭಾರ ಹೊರೋದು ಭೀಮು ಪಿಲ್ಲರು, ಗೋಡೆ ಬರೀ ಮರೆಗೆ. ಒಳಗಡೆ ಕಟ್ಟಿದ 4 ಇಂಚಿನ ಗೋಡೆ ಎಷ್ಟೋ ಕಡೆ ಸೀದಾ ಮೋಲ್ಡ್ ಮೇಲೇ ನಿಂತಿರುತ್ತೆ, ಅದೇ ಒಂದು ಭಾರ, ಅದರ ಪಕ್ಕ ಟ್ಯಾಂಕ್ ಇಟ್ರೆ ಭಾರದ ಪಕ್ಕ ಭಾರ. ಕೆಳಗಿನ ಮನೆಯಲ್ಲೂ ಅದೇ ಜಾಗದಲ್ಲಿ ಭೀಮಾದ್ರೂ ಇರಬೇಕು, ಪಿಲ್ಲರ್ ಇಲ್ಲದ ಹಳೇ ಕಟ್ಟಡ ಆದ್ರೆ 9 ಇಂಚಿನ ಗೋಡೆನೋ ಜಂಬಿಟ್ಟಿಗೆ ಗೋಡೆನೋ ನೆಲದ ತನಕ ಹೋಗಿರಬೇಕು. ಹೊರಗೋಡೆ ಸಾಮಾನ್ಯವಾಗಿ ಸೇಫು.

ಹಂತ 4: ಗೋಡೆ ಪಕ್ಕಕ್ಕೂ ಮಧ್ಯಕ್ಕೂ ಎಷ್ಟು ವ್ಯತ್ಯಾಸ

ಮಲೆನಾಡಲ್ಲಿ ಇದನ್ನ ಹೇಳಿಕೊಡೋದೇ ಬೇಡ. ಹಳ್ಳಕ್ಕೆ ಹಾಕಿರೋ ಅಡಿಕೆ ಮರದ ಸಂಕದ ಮೇಲೆ ದಡದ ಹತ್ರ ನಿಂತ್ರೆ ಅಲ್ಲಾಡಲ್ಲ, ನಡುವೆ ಹೋದ್ರೆ ಬಗ್ಗುತ್ತೆ. ಮೋಲ್ಡೂ ಅಷ್ಟೇ, ಬಗ್ಗೋದು ಕಣ್ಣಿಗೆ ಕಾಣಲ್ಲ ಅಷ್ಟೇ.

ಲೆಕ್ಕನೇ ಹಾಕಿ ನೋಡೋಣ. ಭೀಮಿಂದ ಭೀಮಿಗೆ 10 ಅಡಿ ಇದೆ, ಟ್ಯಾಂಕಿನ ಉದ್ದ ಆ ಭೀಮಿಗೆ ಸಮಾನಾಂತರ ಇದೆ, ಮೋಲ್ಡು ಎರಡು ಕಡೆ ಮಾತ್ರ ಕೂತಿದೆ ಅಂದ್ಕೊಳ್ಳಿ. ಒಂದೂವರೆ ಅಡಿ ಅಗಲದ ಟ್ಯಾಂಕು ಗೋಡೆಯಿಂದ 3 ಇಂಚು ಬಿಟ್ಟು ಇಟ್ರೆ ಅದರ ನಡುಗೆರೆ ಗೋಡೆಯಿಂದ ಸರಿಯಾಗಿ 1 ಅಡಿ. ಅಷ್ಟೇ ಭಾರ ರೂಮ್ ಮಧ್ಯ ಇಟ್ಟಾಗ ಮೋಲ್ಡ್ ಬಗ್ಗಿಸೋ ಬಲ 100 ಆದ್ರೆ, ಇಲ್ಲಿ ಬರೀ 36.

ಅದನ್ನೇ ಕೋಡ್ ಕೊಟ್ಟಿರೋ 200 ಕೆಜಿ ಲೆಕ್ಕಕ್ಕೆ ಹೋಲಿಸಿದ್ರೆ ಹಿಂಗೆ ಬರುತ್ತೆ. 365 ಕೆಜಿಯ 4 ಅಡಿ ಟ್ಯಾಂಕು ಗೋಡೆ ಪಕ್ಕ ಇದ್ರೆ, ಟ್ಯಾಂಕಿನ ಉದ್ದದಷ್ಟು ಅಗಲಕ್ಕೆ ಭೀಮಿಂದ ಭೀಮಿಗೆ ಹೋಗೋ ಮೋಲ್ಡಿನ ಪಟ್ಟಿಗೆ ಲೈವ್ ಲೋಡಿಗೆ ಅಂತ ಕೊಟ್ಟಿರೋ ತಾಕತ್ತಲ್ಲಿ ಮೂರನೇ ಒಂದು ಭಾಗ ತಿನ್ನುತ್ತೆ, ಮಧ್ಯ ಇಟ್ರೆ ಹೆಚ್ಚುಕಮ್ಮಿ 90 ಪರ್ಸೆಂಟು, ಆಮೇಲೆ ಅಲ್ಲಿ ಸೋಫಾ ಇಟ್ಟು ನಾಲ್ಕು ಜನ ಕೂತ್ರೆ ಮುಗೀತು ಲೆಕ್ಕ. 950 ಕೆಜಿಯ 6 ಅಡಿ ಟ್ಯಾಂಕು ಗೋಡೆ ಪಕ್ಕದಲ್ಲೇ 70 ಪರ್ಸೆಂಟ್ ಆಸುಪಾಸು, ಮಧ್ಯದಲ್ಲಿ ಒಂದೂವರೆ ಪಟ್ಟು. ಹಾಲನ್ನ ಊಟದ ಜಾಗದಿಂದ ಬೇರೆ ಮಾಡೋಕೆ ಮಧ್ಯದಲ್ಲಿ ಟ್ಯಾಂಕ್ ನಿಲ್ಲಿಸೋ ಫ್ಯಾಷನ್ ಇದೆಯಲ್ಲ, ಚಂದ ಕಾಣುತ್ತೆ ನಿಜ, ಆದ್ರೆ ಕೆಳಗೆ ಭೀಮ್ ಇಲ್ದೆ ಹೋದ್ರೆ ನಾನು ಯಾರಿಗೂ ಹೂಂ ಅನ್ನಲ್ಲ.

ವಾಸ್ತವದಲ್ಲಿ ಮೋಲ್ಡು ಭಾರನ ಅಕ್ಕಪಕ್ಕಕ್ಕೂ ಹಂಚುತ್ತೆ, ನಾಲ್ಕು ಕಡೆ ಭೀಮ್ ಇದ್ರೆ ಇನ್ನೂ ಹಗುರ ಆಗುತ್ತೆ, ಅಂದ್ರೆ ಮೇಲಿನ ಲೆಕ್ಕ ಸ್ವಲ್ಪ ಬಿಗಿ. ಬಿಗಿಯಾಗೇ ಇರಲಿ. ಡಿಸೈನಲ್ಲಿ ಒಂದೂವರೆ ಪಟ್ಟು ಸೇಫ್ಟಿ ಹಿಡಿದಿರ್ತಾರೆ ಅಂತ ಅದನ್ನ ನಿಮ್ಮ ಪಾಲಿಗೆ ಎಣಿಸ್ಕೋಬೇಡಿ, ಅದಿರೋದು ಜಡಿಮಳೆಯಲ್ಲಿ ಒದ್ದೆ ಮರಳು ಕಲಸಿ, ನೀರು ಜಾಸ್ತಿಯಾಗಿ, ಕಂಬಿ ಒಂದಿಂಚು ಕೆಳಗಿಳಿದಿರೋ ಮೋಲ್ಡುಗಳಿಗೋಸ್ಕರ.

ದಿಕ್ಕು ನೋಡ್ಕೊಳ್ಳೋದು ಮರೀಬೇಡಿ. ರೂಮಿನ ಉದ್ದ ಅಗಲದ ಎರಡು ಪಟ್ಟಿಗಿಂತ ಜಾಸ್ತಿ ಇದ್ರೆ ಮುಖ್ಯ ಕಂಬಿ ಗಿಡ್ಡ ದಿಕ್ಕಲ್ಲಿ ಓಡಿರುತ್ತೆ, ಭಾರ ಹೋಗೋದು ಎರಡು ಉದ್ದ ಬದಿಗಳಿಗೆ. ಟ್ಯಾಂಕು ಉದ್ದ ಬದಿಯ ಗೋಡೆಗೆ ಒರಗಿ ನಿಂತ್ರೆ ಅದರ ಕೆಳಗೆ ಎಷ್ಟೊಂದು ಕಂಬಿ ಅಡ್ಡಕ್ಕೆ ಸಿಗುತ್ತೆ, ಎಲ್ಲ ಸೇರಿ ಹೊರುತ್ತೆ. ಗಿಡ್ಡ ಗೋಡೆಗೆ ಒರಗಿಸಿದ್ರೆ ಟ್ಯಾಂಕು ಕಂಬಿ ಓಡೋ ದಿಕ್ಕಲ್ಲೇ ಮಲಗಿ ಒಂದೆರಡು ಅಡಿ ಅಗಲದ ಪಟ್ಟಿ ಮೇಲೆ ಪೂರ್ತಿ ಭಾರ ಹಾಕುತ್ತೆ, ಗೋಡೆ ಪಕ್ಕ ಇದ್ರೂ ಅಷ್ಟು ಲಾಭ ಇಲ್ಲ, ಆ ಗೋಡೆ ಕೆಳಗೂ ಭೀಮ್ ಇದ್ರೆ ಪರವಾಗಿಲ್ಲ.

ಪಿಲ್ಲರಿಗೆ ಫೌಂಡೇಶನ್ನಿಗೆ ಏನಾದ್ರೂ ಆಗುತ್ತಾ ಅಂತ ಕೆಲವರು ಚಿಂತೆ ಮಾಡ್ತಾರೆ. ಆ 10 ಅಡಿ 12 ಅಡಿ ರೂಮಿನ 5 ಇಂಚಿನ ಮೋಲ್ಡ್ ಒಂದೇ ಮೂರೂವರೆ ಟನ್ ತೂಗುತ್ತೆ, ಇಡೀ ಕಟ್ಟಡಕ್ಕೆ ನಿಮ್ಮ ಟ್ಯಾಂಕು ಲೆಕ್ಕಕ್ಕೇ ಇಲ್ಲ. ತಲೆಬಿಸಿ ಇರೋದು ಆ ಒಂದು ಅಂಕಣದ ಮೋಲ್ಡಿಗೆ ಮಾತ್ರ.

ಬಾಲ್ಕನಿ, ಸಜ್ಜ, ಬಾತ್‌ರೂಮ್ ಪಕ್ಕ

ಕೋಡಲ್ಲಿ ಬಾಲ್ಕನಿಗೆ 3 ಕಿಲೋನ್ಯೂಟನ್ ಅಂತ ಜಾಸ್ತಿ ಬರೆದಿದೆ, ಅದನ್ನ ನೋಡಿ ಯಾರೂ ಬಾಲ್ಕನಿಗೆ ಟ್ಯಾಂಕ್ ತಗೊಂಡು ಹೋಗಬೇಡಿ. ಹೊರಗೆ ಚಾಚಿಕೊಂಡಿರೋ ಬಾಲ್ಕನಿಗೆ ಒಂದೇ ಕಡೆ ಹಿಡಿತ, ತುದಿಗೆ ಭಾರ ಹಾಕಿದಷ್ಟೂ ಬುಡದಲ್ಲಿ ಎಳೆತ ಜಾಸ್ತಿ, ಆ ಎಳೆತ ತಡಿಯೋ ಕಂಬಿ ಮೋಲ್ಡಿನ ಮೇಲ್ಭಾಗದಲ್ಲಿರುತ್ತೆ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಮಳೆ ನೀರು ನಿಲ್ಲೋದೂ ಅದೇ ಮೇಲ್ಭಾಗದಲ್ಲಿ. ಟೈಲ್ಸ್ ಸಂದಿಯಿಂದ ನೀರಿಳಿದು ಕಂಬಿ ತುಕ್ಕು ಹಿಡಿದಿದ್ರೆ ಹೊರಗಿಂದ ಗೊತ್ತೇ ಆಗಲ್ಲ, ಮುರಿಯೋದು ಮಾತ್ರ ಒಂದೇ ಏಟಿಗೆ. ಸಜ್ಜದ ಬಗ್ಗೆ ಹೇಳೋದೇ ಬೇಡ. ಬಾತ್‌ರೂಮಿನ ತಗ್ಗು ಮೋಲ್ಡಲ್ಲಿ ಮೊದಲೇ ಇಟ್ಟಿಗೆ ಚೂರು ತುಂಬಿ ಭಾರ ಮಾಡಿರ್ತಾರೆ, ಅದರ ಮೇಲೂ ಬೇಡ.

ಹಂತ 5: ಮೋಲ್ಡಿನ ಆರೋಗ್ಯ

ಮೇಲಿನ ಲೆಕ್ಕ ಎಲ್ಲ ಗಟ್ಟಿ ಮೋಲ್ಡಿಗೆ. ಕೆಳಗಿನ ಮನೆಯಲ್ಲಿ ಇರೋವಾಗ್ಲೇ ಟಾರ್ಚ್ ಹಾಕಿ ನೋಡ್ಕೊಂಡು ಬನ್ನಿ. ಕೂದಲೆಳೆ ಥರ ಬಲೆಬಲೆಯಾಗಿ ಬಿಟ್ಟಿರೋದು ಬರೀ ಗಾರೆ ಬಿರುಕು, ಬಿಡಿ. ನೇರ ಗೆರೆ ಹಿಡಿದು ಓಡಿರೋ ಬಿರುಕು, ಅದರ ಗುಂಟ ಕಂದು ಕಲೆ, ಗಾರೆ ಉಬ್ಬಿರೋದು, ಉದುರಿ ಕಂಬಿ ಕಾಣ್ತಿರೋದು, ಇವೆಲ್ಲ ಒಳಗೆ ತುಕ್ಕು ಶುರುವಾಗಿದೆ ಅಂತ. ಕಂಬಿ ತುಕ್ಕು ಹಿಡಿದ್ರೆ ಊದುತ್ತೆ, ಊದಿ ಕಾಂಕ್ರೀಟನ್ನ ಒಡೆಯುತ್ತೆ. ಕೋಲಲ್ಲಿ ಮೆಲ್ಲಗೆ ತಟ್ಟಿ, ಡೊಳ್ಳು ಡೊಳ್ಳು ಸದ್ದು ಬಂದ್ರೆ ಒಳಗೆ ಬಿಟ್ಕೊಂಡಿದೆ. ಸೀಲಿಂಗಿನ ಈ ತುದಿಯಿಂದ ಆ ತುದಿಗೆ ದಾರ ಬಿಗಿಯಾಗಿ ಹಿಡಿದು ನಡುವೆ ಮೋಲ್ಡು ದಾರನ ಕೆಳಗೆ ಒತ್ತುತ್ತಾ ನೋಡಿ, ಆ ಅಳತೆ ಬರೆದಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಇವುಗಳಲ್ಲಿ ಒಂದು ಕಂಡ್ರೂ, ಇಲ್ಲಾ ಒಟ್ಟು ತೂಕ 500 ಕೆಜಿ ದಾಟಿದ್ರೂ, ಭೀಮ್ ಎಲ್ಲಿದೆ ಅಂತ ಗೊತ್ತಾಗದೇ ಹೋದ್ರೂ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. (500 ನನ್ನ ಗೆರೆ, ಕೋಡಿಂದಲ್ಲ.) ಮೇಸ್ತ್ರಿ ಬಂದು ಕಾಲಲ್ಲಿ ಗುದ್ದಿ "ಎಂತದೂ ಆಗಲ್ಲ ಸಾರ್, ಆನೆ ಇಡಿ" ಅಂತಾರೆ, ಅವರ ಅನುಭವಕ್ಕೆ ಮರ್ಯಾದೆ ಕೊಡೋಣ, ಸಹಿ ಮಾತ್ರ ಎಂಜಿನಿಯರ್ ಹತ್ರ ಹಾಕಿಸ್ಕೊಳ್ಳೋಣ. ಅವರು ರಿಬೌಂಡ್ ಹ್ಯಾಮರ್ ಇಟ್ಟು ಕಾಂಕ್ರೀಟ್ ಗಟ್ಟಿ ನೋಡ್ತಾರೆ, ಕಂಬಿ ಹುಡುಕೋ ಮೆಷಿನ್ ಓಡಿಸಿ ಎಷ್ಟು ಇಂಚಿಗೊಂದು ಕಂಬಿ ಇದೆ ಅಂತ ಹೇಳ್ತಾರೆ.

ಮರದ ಮಹಡಿ ಇರೋ ಹಳೇ ಮನೆ

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ತೊಲೆ ಜಂತೆ ಹಾಕಿ ಮುಚ್ಚಿಗೆ ಮಾಡಿರೋ ಮಹಡಿ ಇನ್ನೂ ಇದೆ. "ಅಜ್ಜನ ಕಾಲದಲ್ಲಿ ಅಡಿಕೆ ಮೂಟೆ ಪೇರಿಸ್ತಿದ್ರು, ಇದೇನ್ ಮಹಾ" ಅಂತಾರೆ, ನಿಜ, ಪೇರಿಸ್ತಿದ್ರು, ಮಾರಿದ ಮೇಲೆ ಖಾಲಿನೂ ಆಗ್ತಿತ್ತು. ಅಕ್ವೇರಿಯಂ ಖಾಲಿ ಆಗಲ್ಲ, ವರ್ಷಗಟ್ಟಲೆ ಅಲ್ಲೇ ಕೂರೋ ಭಾರಕ್ಕೆ ಮರ ದಿನ ಹೋದಂಗೆ ಬಗ್ತಾ ಹೋಗುತ್ತೆ. ಕಾಂಕ್ರೀಟೂ ಬಗ್ಗುತ್ತೆ, ಮರ ಜಾಸ್ತಿ. ಮೊದ್ಲು ತೊಲೆ ಗೋಡೆಯೊಳಗೆ ಹೋಗೋ ತುದಿ ನೋಡಿ, ತೇವ ಕೂತು ಕೊಳೆಯೋದು ಅಲ್ಲೇ. ಸ್ಕ್ರೂಡ್ರೈವರ್ ಚುಚ್ಚಿದ್ರೆ ಒಳಗಿಳಿಬಾರದು, ಗೆದ್ದಲ ಮಣ್ಣಿನ ಗೆರೆ, ಕುಟ್ಟೆ ಹಿಡಿದ ಪುಡಿ ಕಾಣಬಾರದು. ಒಂದು ಲೋಟ ನೀರು ನೆಲದ ಮೇಲಿಟ್ಟು ಪಕ್ಕದಲ್ಲಿ ನಡೆದಾಡಿ, ನೀರು ಕುಲುಕಾಡಿದ್ರೆ ಟ್ಯಾಂಕಿನ ಗಾಜಿನ ಅಂಟಿಗೂ ಅದೇ ಕುಲುಕಾಟ. ಟ್ಯಾಂಕ್ ಉದ್ದ ಜಂತೆಗಳಿಗೆ ಅಡ್ಡ ಬರಬೇಕು, ಒಂದೇ ಜಂತೆ ಮೇಲೆ ಉದ್ದಕ್ಕೆ ಕೂರಬಾರದು. ನನ್ನ ಕೇಳಿದ್ರೆ ಇಂಥ ಮನೆಯಲ್ಲಿ ದೊಡ್ಡ ಟ್ಯಾಂಕು ಕೆಳಗಿನ ಜಗಲಿಗೇ ಸರಿ.

ಹಂತ 6: ಸ್ಟ್ಯಾಂಡು

950 ಕೆಜಿ ನಾಲ್ಕೇ ಕಾಲಿನ ಮೇಲೆ ನಿಂತ್ರೆ ಒಂದೊಂದು ಕಾಲಿಗೆ 240 ಕೆಜಿ ಹತ್ರ, ಅದೂ ಎರಡಿಂಚು ಜಾಗಕ್ಕೆ. ಮೋಲ್ಡಿಗೆ ಮುಂಚೆ ಟೈಲ್ಸ್ ಸೀಳುತ್ತೆ, ಅದರಲ್ಲೂ ಕೆಳಗೆ ಗಾರೆ ಸರಿಯಾಗಿ ತುಂಬದೇ ಪೊಳ್ಳು ಬಿಟ್ಟಿರೋ ವಿಟ್ರಿಫೈಡ್ ಟೈಲ್ಸು. ಫ್ಯಾಬ್ರಿಕೇಷನ್ನಿನವರಿಗೆ ಹೇಳಿ ಕಾಲುಗಳ ಕೆಳಗೂ ಸುತ್ತ ಚೌಕ ಪೈಪ್ ಓಡಿಸಿಸಿ, ಅದರಡಿಗೆ 18 ಎಂಎಂ ಪ್ಲೈವುಡ್ ಹಾಸಿ. ಪ್ಲೈವುಡ್ ಐಎಸ್ 710 ಗುರುತಿನ ಮರೈನ್ ಗ್ರೇಡೇ ಇರಲಿ, ಪಾರ್ಟಿಕಲ್ ಬೋರ್ಡಿನ ರೆಡಿಮೇಡ್ ಕ್ಯಾಬಿನೆಟ್ ಮಲೆನಾಡಿನ ಒಂದು ಮಳೆಗಾಲ ಕಳೆಯೋದ್ರೊಳಗೆ ಉಬ್ಬಿ ಕೂರುತ್ತೆ. ಟ್ಯಾಂಕಿನ ಕೆಳಗೆ ಹಾಕೋ ಥರ್ಮಕೋಲು ಗಾಜಿನ ತಳ ಸಮ ಕೂರೋಕೆ ಮಾತ್ರ, ನೆಲಕ್ಕೆ ಅದರಿಂದ ಏನೂ ಹಗುರ ಆಗಲ್ಲ.

ರಸಮಟ್ಟ ಇಟ್ಟು ಎರಡೂ ದಿಕ್ಕಲ್ಲಿ ನೋಡಿ. ಬಾಲ್ಕನಿ ಬಾಗಿಲ ಹತ್ರದ ಟೈಲ್ಸಿಗೆ ಎಷ್ಟೋ ಸಲ ನೀರು ಹರೀಲಿ ಅಂತ ಇಳಿಜಾರು ಕೊಟ್ಟಿರ್ತಾರೆ. ವ್ಯತ್ಯಾಸ ಇದ್ರೆ ಸ್ಟ್ಯಾಂಡಿನ ಕೆಳಗೆ ತಗಡೋ ಗಟ್ಟಿ ಪ್ಲಾಸ್ಟಿಕ್ಕೋ ಕೊಡಿ, ರಟ್ಟು ಮಡಚಿ ಇಡಬೇಡಿ, ನೀರು ಕುಡಿದು ಕುಸಿಯುತ್ತೆ.

ಹಂತ 7: ಒಪ್ಪಿಗೆ, ಸೋರಿಕೆ

ಬಾಡಿಗೆ ಮನೆ ಆದ್ರೆ ಓನರ್ ಹತ್ರ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ವಾಟ್ಸಾಪ್ ಆದ್ರೂ ಸರಿ. ಸ್ವಂತ ಫ್ಲ್ಯಾಟ್ ಅಂದ್ರೂ ಭೀಮು ಪಿಲ್ಲರ್ ಎಲ್ಲರಿಗೂ ಸೇರಿದ್ದು, ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಲ್ಲೂ ಹಂಗೇ ಇದೆ, ಅಸೋಸಿಯೇಷನ್ನಿಗೆ ಒಂದು ಮಾತು ಹೇಳಿ. ಕರೆಂಟ್ ಹೋದಾಗ ಮೇಲಿನ ಟ್ಯಾಂಕಿಂದ ಪೈಪಲ್ಲಿ ಹಿಂದಕ್ಕೆ ಬರೋ ನೀರಿಗೆ ಸಂಪಲ್ಲಿ ಜಾಗ ಖಾಲಿ ಇರಬೇಕು, ಮಳೆಗಾಲದಲ್ಲಿ ದಿನಕ್ಕೆಷ್ಟು ಸಲ ಕರೆಂಟ್ ಹೋಗುತ್ತೆ ಅಂತ ನಿಮಗೇ ಗೊತ್ತು.

ಹಂತ 8: ತುಂಬಿಸೋದು

ಒಂದೇ ದಿನ ತುಂಬಿಸಬೇಡಿ. ಮೊದ್ಲು ಎರಡಿಂಚು ನೀರು ಹಾಕಿ ನಾಲ್ಕು ಮೂಲೆಯಲ್ಲಿ ಸ್ಕೇಲ್ ಇಟ್ಟು ಅಳೀರಿ, ನೀರಿಗಿಂತ ಒಳ್ಳೆ ಮಟ್ಟ ಯಾವುದೂ ಇಲ್ಲ. 4 ಅಡಿ ಉದ್ದಕ್ಕೆ 2, 3 ಎಂಎಂ ಮೇಲೆ ವ್ಯತ್ಯಾಸ ಬಂದ್ರೆ ನೀರು ತೆಗೆದು ಸ್ಟ್ಯಾಂಡ್ ಸರಿ ಮಾಡಿ. ಆಮೇಲೆ ಕಾಲು ಭಾಗ ತುಂಬಿಸಿ ಒಂದು ದಿನ ಬಿಡಿ, ಅರ್ಧ ಮಾಡಿ ಇನ್ನೊಂದು ದಿನ, ಹಂಗೇ ಮೇಲೆ ಹೋಗಿ. ಪ್ರತಿ ಸಲ ಕೆಳಗಿನ ಮನೆಯಲ್ಲಿ ಆ ದಾರದ ಅಳತೆ ನೋಡಿ, ಹಳೇ ಬಿರುಕಿನ ಎರಡು ತುದಿಗೂ ಪೆನ್ಸಿಲಲ್ಲಿ ಗುರುತು ಹಾಕಿ ತಾರೀಕು ಬರೀರಿ. ತುಂಬಿದ ಮೇಲೆ ಮೊದಲ ತಿಂಗಳು ವಾರಕ್ಕೊಂದ್ಸಲ, ಆಮೇಲೆ ಮಳೆಗಾಲ ಶುರುವಾಗೋವಾಗ ಒಂದ್ಸಲ, ಮುಗಿದಾಗ ಒಂದ್ಸಲ ನೋಡಿದ್ರೆ ಸಾಕು. ಬಿರುಕು ಗುರುತು ದಾಟಿದ್ರೆ, ಪಕ್ಕದ ಬಾಗಿಲು ಇದ್ದಕ್ಕಿದ್ದಂಗೆ ಚೌಕಟ್ಟಿಗೆ ಉಜ್ಜೋಕೆ ಶುರುವಾದ್ರೆ, ನೀರಿನ ಮಟ್ಟ ಒಂದು ಕಡೆ ವಾಲಿದ್ರೆ ಕಾಯಬೇಡಿ, ಮೀನನ್ನ ಡ್ರಮ್ಮಿಗೋ ಟಬ್ಬಿಗೋ ಹಾಕಿ ಟ್ಯಾಂಕಿನ ನೀರು ಪೈಪ್ ಹಾಕಿ ಬಾತ್‌ರೂಮಿಗೆ ಬಿಡಿ, ಕೆಳಗಿನವರಿಗೆ ಹೇಳಿ ಆ ಜಾಗದ ಅಡಿಯಿಂದ ಮಂಚ ತೊಟ್ಟಿಲು ಸರಿಸೋಕೆ ಹೇಳಿ, ಆಮೇಲೆ ಎಂಜಿನಿಯರಿಗೆ ಫೋನ್ ಮಾಡಿ.